ಒಂದಿನ ಬಿಟ್ಟು ಒಂದಿನ

ದುಧನಿ ಟೇಶನ್ನಿನಾಗ ಮುಂಜಾನಿ ಪ್ಯಾಸೆಂಜರ್ ಹಿಡದು
ಸೊಲ್ಲಾಪುರಕ್ಕ ಹೋದೆ, ಮಾರಿಗೆ ಟಾವೆಲ್ ಸುತ್ತಿಕೊಂಡು.
ಬಿಸಲಿಗಂತ ತಿಳದಿರಬೇಕು ಮಂದಿ.

ಚೀಟಿ ಮ್ಯಾಲ: ರೇವಣ ವಾಜಂತ್ರಿ,
ವಯಸ್ಸು ಹತ್ತೊಂಬತ್ತು, ತೂಕ ಐವತ್ತೆರಡು.
ಧಂದೆ ಏನಂತ ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಡಾಕ್ಟರ್ ತಸ್ಲೀಮ್ ಪಿರಜಾದೆ ನನ್ನ ಗಲ್ಲಾ ಹಿಡದು
ದೀಪದ ಕಡಿ ತಿರವಿದ್ರು, ಸಂತ್ಯಾಗ ಬದನಿಕಾಯಿ ನೋಡಿಧಂಗ.
"ಹಿಚುಕೀದಿ?"
"ಹೂಂರಿ."
ತೂಕಕ್ಕ ಲೆಕ್ಕಾ ಹಾಕಿ ಬರದ್ರು:
ದಿನಾ ಒಂದು, ಇಪ್ಪತ್ತು ಮಿಲಿಗ್ರಾಮಿಂದು,
ಊಟಾದ ಮ್ಯಾಲ, ಅದೂ ಜಿಡ್ಡಿನ ಊಟಾದ ಮ್ಯಾಲ.
ಬರೇ ಹೊಟ್ಟ್ಯಾಗ ನುಂಗಿದ್ರ ಪೂರಾ ಮೈಗೆ ಹತ್ತೂದಿಲ್ಲಂತ.

ಅವ್ವ ಕಡಕ್ ರೊಟ್ಟಿ ಮ್ಯಾಲ ಶೇಂಗಾ ಹಿಂಡಿ ಸುರವಿ
ನಡುವ ಕುಣಿ ಮಾಡಿ ಎಣ್ಣಿ ಹೊಯ್ದಳು.
"ಎಣ್ಣಿಯಿಂದ ಬಂದ ಬ್ಯಾನಿಗೆ ಎಣ್ಣಿ ಜೋಡಿ ಔಷಧ!
ಇದೆಂಥಾ ಡಾಕ್ಟರ್ಕಿ."

ಮೊದಲ ಮೂರು ವಾರ ಮೊಡವಿ ಇನ್ನಷ್ಟು ಎದ್ದವು.
ಆಮ್ಯಾಲ ತುಟಿ ಒಡೀಲಿಕ್ಕೆ ಹತ್ತಿತು.

ಕ್ಲಾರ್ನೆಟ್ ಊದಾವ್ಗ ತುಟಿ ಅಂದ್ರ ಏನಂತ
ಊದದವ್ರಿಗೆ ಹ್ಯಾಂಗ ಹೇಳ್ಲಿ.
ಕೆಳಗಿನ ತುಟಿ ಹಲ್ಲಿನ ಮ್ಯಾಲ ಮಡಚಿ ಹಾಸಬೇಕು,
ಅದರ ಮ್ಯಾಲ ರೀಡು ಮಲಗಬೇಕು
ಕೂಸು ತೊಡಿ ಮ್ಯಾಲ ಮಲಗಿಧಂಗ.
ಮೈಂದರ್ಗಿ ಲಗ್ನದಾಗ, ಎರಡನೇ ಹಾಡಿಗೇ, ಸೀಳಿತು.
ಹಳದಿ ರೀಡು ಕೆಂಪಾತು.
ಮದುಮಗನ ಕುದರಿ ನಿಂತಿತು.
ಭೀಮಶಾ ಕಾಕಾ ಢೋಲಿನವರಿಗೆ ಕಣ್ಣಸನ್ನಿ ಮಾಡಿ
ನನ್ನ ಖಾಲಿ ಜಾಗಾನ ಬರೇ ಸಪ್ಪಳದಿಂದ ತುಂಬಿಸಿದ.
ರಾತ್ರಿ ರೊಕ್ಕಾ ಎಣಿಸಿ ಕೊಡುವಾಗ ಅಂದ:
"ಮಾರಿ ನೋಡಿ ಯಾರೂ ಬ್ಯಾಂಡ್ ಹೇಳೂದಿಲ್ಲೋ ತಮ್ಮಾ."

ಅವಗ ಹೇಳಲಿಲ್ಲ
ತಲಿ ಮ್ಯಾಲ ದೀಪಾ ಹೊತ್ತ ಹೆಣ್ಣಮಕ್ಕಳ ಪಕ್ಕದಾಗ
ಎರಡು ವರ್ಷ ನಾ ಯಾಕ ನಿಂತಿಲ್ಲಂತ,
ಹಿಂದ, ಜನರೇಟರ್ ಹೊಗಿಯಾಗ, ಯಾಕ ನಡೀತೀನಂತ.

ಮತ್ತ ಸೊಲ್ಲಾಪುರ. ಈ ಸಲ ಕ್ಲಾರ್ನೆಟ್ಟಿನ ಪೆಟಗಿ ಹಿಡಕೊಂಡೇ ಹೋದೆ,
ಅವರ ಟೇಬಲ್ ಮ್ಯಾಲಿಟ್ಟು ತಗದೆ.
ಅದನ್ನ ನೋಡಿದ್ರು, ತುಟಿ ನೋಡಿದ್ರು.
"ಮೊದಲೇ ಹೇಳೂದಿಲ್ಲೇನಪಾ?"

ಕೀಟಾಣು ಪೂರಾ ಸಾಯೂವಂಥಾ ಗಟ್ಟಿ ಗುಳಿಗಿ ಕೊಡ್ರಿ,
ಒಂದೇ ತಿಂಗಳಾಗ ಮುಗಸ್ರಿ, ಅಂದೆ.
ನಕ್ಕರು. ಇದು ಕೊಲ್ಲೂ ಗುಳಿಗಿ ಅಲ್ಲಂತ.
ಆ ಕೀಟಾಣು ನನ್ನ ಮಾರಿಯಾಗೂ ಅದ,
ನಿಮ್ಮ ಕಾಕಾನ ಮಾರಿಯಾಗೂ ಅದ, ಬಾಡಗಿ ಕೊಡದ ಬಿಡಾರ;
ಎಣ್ಣಿ ಹೆಚ್ಚಾದಲ್ಲೆ ಅದರ ದರಬಾರ.
ಗುಳಿಗಿ ಗಾಣ ನಿಧಾನ ಮಾಡತದ, ಅಷ್ಟ.
ಉಳದದ್ದು ತೊಗಲಿನ ಕೆಲಸ.
ತೊಗಲು ಸುಮ್ಮ ಕೂತಿಲ್ಲ ರೇವಣ, ಅಂದ್ರು,
ತನ್ನ ಔಷಧ ತಾನೇ ಅರೀತದ:
ಹುಳಿ ಬೆವರು, ಕಣ್ಣಿಗೆ ಕಾಣದ ಸಣ್ಣ ಪ್ರೋಟೀನು.
ಒಂದಂತೂ ಕೀಟಾಣುವಿನ ಬಾಯಾಗಿನ ಕಬ್ಬಿಣಾ ಕಸಗೋತದ;
ಈ ಗುಳಿಗಿ ನುಂಗಿದವರಾಗ ಅದು ಹೆಚ್ಚಾದದ್ದು ಕೆಲವರು ಕಂಡಾರ.
ಪೂರಾ ಯಾರಿಗೂ ಗೊತ್ತಿಲ್ಲ. ನನಗೂ.

ಗೊತ್ತಿಲ್ಲ ಅಂದ ಡಾಕ್ಟರ್‌ನ
ನಾ ಅವತ್ತೇ ಮೊದಲು ಕಂಡದ್ದು.

ಹಳೇ ಚೀಟಿ ಮ್ಯಾಲ ಗೀಟು ಎಳದು ಬರದ್ರು:
ಒಂದಿನ ಬಿಟ್ಟು ಒಂದಿನ. ಹತ್ತರದು.
ತಡಾ ಆಗತದ. ದೀಪಾವಳಿ ದಾಟಬಹುದು.
ರಕ್ತದ ತಪಾಸಣಿ ತಪ್ಪಸಬ್ಯಾಡ.

ಭಾಳ ಊದಿದ್ರ ರೀಡು ಚೀರತದ,
ಕಡಿಮಿ ಊದಿದ್ರ ಬರೇ ಉಸರು.
ಕಾಕಾ ಇದನ್ನ ನನಗ ಏಳನೇ ವರ್ಷಕ್ಕ ಕಲಿಸಿದ್ದ.
ವಾಪಸ ಬರುವಾಗ ಅಕ್ಕಲಕೋಟ ದಾಟಿದ ಮ್ಯಾಲ ನೆನಪಾತು,
ಟಾವೆಲ್ ದವಾಖಾನ್ಯಾಗ ಮರತದ್ದೂ.

ಈಗ ಆಷಾಢ, ಲಗ್ನ ಇಲ್ಲ.
ರೀಡು ನೀರಿನ ವಾಟಗಾದಾಗ, ತುಟಿ ಮ್ಯಾಲ ವ್ಯಾಸಲೀನು.
ಎಡಗಲ್ಲಾ ಸಪಾಟಾಗೇದ, ಕಲಿ ಅವ.
ಬಲಕ್ಕ ಇನ್ನ ನಾಕು ಕುಂತಾವ, ಏಳವಲ್ಲವು.
ಇವತ್ತು ಗುಳಿಗಿ ಇಲ್ಲದ ದಿನ,
ಅವ್ವ ಮರತು ಎಣ್ಣಿ ಹಿಂಡಿ ಬಡಿಸಿಟ್ಟಾಳ.
ಉಣ್ಣತೀನಿ. ಆಮ್ಯಾಲ ಮಾಳಗಿ ಹತ್ತಿ
ಕೆಳಗಿನ ಸಾ ಒಂದ ಹಿಡದು ನೋಡತೀನಿ, ಉದ್ದಕ,
ಒಡೀದಂಗ ಉಳೀತದೇನಂತ.